ನದಿ ಇಳಿದದ್ದು ಆಳಕ್ಕೆ: ಗ್ರ್ಯಾಂಡ್ ಕ್ಯಾನ್ಯನ್‌ನಲ್ಲಿ ಒಂದು ನಡಿಗೆ

ಅಮೆರಿಕದ ಅರಿಜೋನಾ ರಾಜ್ಯದಲ್ಲಿರುವ ಗ್ರ್ಯಾಂಡ್ ಕ್ಯಾನ್ಯನ್ ಕಮರಿಯ ದಕ್ಷಿಣ ಅಂಚು ಸಮುದ್ರಮಟ್ಟದಿಂದ ಸುಮಾರು 2,100 ಮೀಟರ್ ಎತ್ತರದಲ್ಲಿದೆ. ಮಾರ್ಚ್ ತಿಂಗಳ ಬೆಳಿಗ್ಗೆ ಅಲ್ಲಿ ನಿಂತಾಗ ಎದುರಿನ ಅಂಚು ಸುಮಾರು 16 ಕಿಲೋಮೀಟರ್ ಆಚೆ ಮಸುಕಾಗಿ ಕಾಣುತ್ತಿತ್ತು. ಈ ಕಮರಿಯನ್ನು ಕೊರೆದ ಕೊಲರಾಡೊ ನದಿಯಾದರೋ ನಿಂತಲ್ಲಿಂದ ಕಣ್ಣಿಗೇ ಬೀಳಲಿಲ್ಲ. ನೂರು ಮೀಟರಿನಷ್ಟೂ ಅಗಲವಿರದ ನದಿಯೊಂದು ಇಷ್ಟು ವಿಶಾಲವಾದ ಕಮರಿಯನ್ನು ಮಾಡಿದ್ದು ಹೇಗೆ ಎಂದು ಯೋಚಿಸುತ್ತಲೇ ಬ್ರೈಟ್ ಏಂಜಲ್ ಕಾಲುದಾರಿಯಲ್ಲಿ ಇಳಿಯತೊಡಗಿದೆವು.

ಆ ಪ್ರಶ್ನೆಗೆ ಉತ್ತರ ದಾರಿಯ ಮೊದಲ ತಿರುವುಗಳಲ್ಲೇ ಇತ್ತು. ಅಂಚಿನ ಮೇಲ್ಪದರವಾದ ಕೈಬಾಬ್ ಸುಣ್ಣಕಲ್ಲಿಗೆ ಸುಮಾರು 27 ಕೋಟಿ ವರ್ಷಗಳ ವಯಸ್ಸು. ಅದರ ಒಂದು ಬಿರುಕಿನಲ್ಲಿ ಹಿಂದಿನ ದಿನ ಕರಗಿ ಇಳಿದ ಹಿಮದ ನೀರು ರಾತ್ರಿಯ ಚಳಿಗೆ ಮತ್ತೆ ಗಡ್ಡೆಕಟ್ಟಿ, ಬಿಸಿಲು ತಾಗಿದಂತೆ ಹನಿಯತೊಡಗಿತ್ತು. ನೀರು ಹೆಪ್ಪುಗಟ್ಟುವಾಗ ಶೇಕಡಾ 9ರಷ್ಟು ಹಿಗ್ಗುತ್ತದೆ. ಬಂಡೆಯ ಸಂದಿಗೆ ಬಡಿದ ಬೆಣೆಯಂತೆ ಅದು ಪ್ರತಿ ರಾತ್ರಿ ಬಿರುಕನ್ನು ಕೂದಲೆಳೆಯಷ್ಟು ಅಗಲಿಸುತ್ತದೆ. ಕೊನೆಗೊಮ್ಮೆ ಚಕ್ಕೆ ಕಳಚಿ ಬೀಳುತ್ತದೆ. ಇದು ಶಿಥಿಲೀಕರಣ. ಬಿದ್ದದ್ದನ್ನು ಮಳೆನೀರು, ತೊರೆ ಮತ್ತು ನದಿ ಹೊತ್ತೊಯ್ಯುವುದು ಸವೆತ. ಮೊದಲನೆಯದು ಇಲ್ಲದಿದ್ದರೆ ಎರಡನೆಯದಕ್ಕೆ ಸಾಗಿಸಲು ಹೆಚ್ಚೇನೂ ಇರುತ್ತಿರಲಿಲ್ಲ.

ಕೆಳಗಿಳಿದಂತೆ ಕಮರಿಯ ಗೋಡೆ ಮೆಟ್ಟಿಲುಗಳಂತಿರುವುದರ ಕಾರಣವೂ ಸ್ಪಷ್ಟವಾಯಿತು. ಮೃದುವಾದ ಜೇಡಿಗಲ್ಲಿನ ಪದರಗಳು ಬೇಗ ಪುಡಿಯಾಗಿ ಇಳಿಜಾರುಗಳಾಗುತ್ತವೆ. ಬುಡ ಸಡಿಲವಾದಾಗ ಮೇಲಿನ ಗಟ್ಟಿ ಮರಳುಗಲ್ಲು, ಸುಣ್ಣಕಲ್ಲುಗಳು ಹಾಳೆಹಾಳೆಯಾಗಿ ಕುಸಿದು ಕಡಿದಾದ ಗೋಡೆಗಳನ್ನು ಉಳಿಸುತ್ತವೆ. ತೇವ ಹೆಚ್ಚಿರುವ ನಾಡುಗಳಲ್ಲಿ ಸುಣ್ಣಕಲ್ಲು ನೀರಿಗೆ ಕರಗಿಹೋಗುತ್ತದೆ, ಆದರೆ ಈ ಒಣ ಹವೆಯಲ್ಲಿ ಅದೇ ಬಲಿಷ್ಠ ಕಲ್ಲು. ರೆಡ್‌ವಾಲ್ ಎಂಬ ಕೆಂಪು ಗೋಡೆ ಅಂಥದ್ದು. ಅದರ ಹೊಸದಾಗಿ ಒಡೆದ ಚೂರೊಂದನ್ನು ದಾರಿಯಲ್ಲಿ ಬಗ್ಗಿ ನೋಡಿದೆ: ಒಳಗೆ ಬೂದು ಬಣ್ಣ, ಹೊರಮೈಯಲ್ಲಷ್ಟೇ ಕೆಂಪು. ಮೇಲಿನ ಪದರಗಳಲ್ಲಿ ತುಕ್ಕುಹಿಡಿದ ಕಬ್ಬಿಣದ ಅಂಶವನ್ನು ಮಳೆನೀರು ತೊಳೆದು ತಂದು ಈ ಗೋಡೆಗೆ ಬಳಿದಿದೆ.

ಪ್ಲಾಟೋ ಪಾಯಿಂಟ್ ಎಂಬ ವೀಕ್ಷಣಾ ತಾಣ ತಲುಪಿದಾಗ ಕೊನೆಗೂ ನದಿ ಕಂಡಿತು. ಅಲ್ಲಿಂದ ಕೆಳಗೆ ಸುಮಾರು 175 ಕೋಟಿ ವರ್ಷ ಹಳೆಯ ವಿಷ್ಣು ಶಿಸ್ಟ್ ಎಂಬ ಕಪ್ಪು ಶಿಲೆಯಿದೆ. ಅದು ಎಷ್ಟು ಗಟ್ಟಿಯೆಂದರೆ ಕಮರಿ ಅಲ್ಲಿ ಇಕ್ಕಟ್ಟಾಗಿ ನೇರ ಆಳಕ್ಕಿಳಿಯುತ್ತದೆ. ನದಿಯೊಂದೇ ದುಡಿದರೆ ಕಮರಿ ಹೇಗಿರುತ್ತಿತ್ತು ಎಂಬುದಕ್ಕೆ ನನ್ನ ಮಟ್ಟಿಗೆ ಇದೇ ಸಾಕ್ಷಿ. ನದಿ ಈಗಿನ ಹರಿವಿನಲ್ಲಿ ಕೊರೆಯತೊಡಗಿ 50–60 ಲಕ್ಷ ವರ್ಷಗಳಾಗಿವೆ ಎಂದು ಹೆಚ್ಚಿನ ಭೂವಿಜ್ಞಾನಿಗಳು ಹೇಳುತ್ತಾರೆ. ಆಳ ನದಿಯದು, ಅಗಲ ಹಿಮ, ಮಳೆ, ಬೇರು ಮತ್ತು ಗುರುತ್ವದ್ದು. ಉತ್ತರದ ಅಂಚು ನದಿಯಿಂದ ಹೆಚ್ಚು ಹಿಂದೆ ಸರಿದಿರುವುದೂ ಇದನ್ನೇ ಹೇಳುತ್ತದೆ: ಪ್ರಸ್ಥಭೂಮಿ ದಕ್ಷಿಣಕ್ಕೆ ವಾಲಿರುವುದರಿಂದ ಉತ್ತರದ ಮಳೆನೀರು ಕಮರಿಯೊಳಕ್ಕೆ ಹರಿಯುತ್ತದೆ, ದಕ್ಷಿಣದ್ದು ಕಮರಿಯಿಂದ ಆಚೆಗೆ ಹರಿದುಹೋಗುತ್ತದೆ.

ಸ್ಪ್ಯಾನಿಷ್‌ನಲ್ಲಿ ಕೆಂಪಾದದ್ದು ಎಂಬ ಅರ್ಥದ ಕೊಲರಾಡೊ ಎಂಬ ಹೆಸರು ಬಂದದ್ದು ಕೆಂಪು ನೀರಿನಿಂದ. ನಾವು ಕಂಡ ನೀರು ಹಸಿರಾಗಿತ್ತು. ಮೇಲ್ಭಾಗದ ಗ್ಲೆನ್ ಕ್ಯಾನ್ಯನ್ ಅಣೆಕಟ್ಟು 1963ರಿಂದ ಹೂಳನ್ನು ತಡೆಹಿಡಿದಿದೆ; ಹೊಸ ಮರಳು ಸಾಲದೆ ದಡದ ಮರಳ ದಿಬ್ಬಗಳು ಕೊಚ್ಚಿಹೋಗುತ್ತಿವೆ. ಅವುಗಳನ್ನು ಮತ್ತೆ ಕಟ್ಟಲು 1996ರಿಂದ ಆಗಾಗ ಅಣೆಕಟ್ಟಿನಿಂದ ಕೃತಕ ಪ್ರವಾಹವನ್ನು ಬಿಡಲಾಗುತ್ತಿದೆ. ಅಣೆಕಟ್ಟಿನ ಕೆಳಗೆ ಉಪನದಿಗಳು ತಂದು ಸುರಿಯುವ ಮರಳನ್ನೇ ಆ ಪ್ರವಾಹ ಎತ್ತಿ ದಡಕ್ಕೆ ಹಾಕಬೇಕು.