ಸಿನಿಮಾಗಿಂತ ಮೊದಲೇ ಪರದೆಗೆ ಬಂದ ಗೊಂಬೆಗಳು

ಹೋದ ಭಾನುವಾರ ಮಗಳ ಜೊತೆ ಕೂತು ಹಳೇ ಕ್ಯಾಲೆಂಡರ್ ರಟ್ಟಿನಲ್ಲಿ ಒಂದು ಚಕ್ರ ಕತ್ತರಿಸಿದೆ. ಊಟದ ತಟ್ಟೆಯಷ್ಟು ಅಗಲ. ಅಂಚಿನ ಸುತ್ತ 12 ಸೀಳು, ಸೀಳಿನ ಕೆಳಗೆ ಒಂದೊಂದು ಕಪ್ಪೆ. ಒಂದು ಕೂತಿದೆ, ಮುಂದಿನದು ಕಾಲು ಚಾಚಿದೆ, ಆರನೆಯದು ಪೂರ್ತಿ ಗಾಳಿಯಲ್ಲಿದೆ, ಆಮೇಲೆ ನಿಧಾನಕ್ಕೆ ಇಳಿಯುತ್ತದೆ. ಚಕ್ರದ ನಡುವೆ ಗುಂಡುಪಿನ್ನು ಚುಚ್ಚಿ ಪೆನ್ಸಿಲ್ ತುದಿಯ ರಬ್ಬರಿಗೆ ಸಿಕ್ಕಿಸಿದೆವು. ಕಪ್ಪೆಗಳನ್ನು ಕನ್ನಡಿ ಕಡೆ ಮಾಡಿ, ಚಕ್ರದ ಹಿಂದೆ ಕಣ್ಣಿಟ್ಟು, ಸೀಳಿನ ಮೂಲಕ ಕನ್ನಡಿ ನೋಡುತ್ತಾ ತಿರುಗಿಸಬೇಕು.

ಮೊದಲ ಸಲ ಏನೂ ಕಾಣಲಿಲ್ಲ. ಬರೀ ಹಸಿರು ಮಸಿ. ಸೀಳು ಒಂದು ಬೆರಳಷ್ಟು ಅಗಲ ಆಗಿಬಿಟ್ಟಿತ್ತು. ಇನ್ನೊಂದು ಚಕ್ರ ಮಾಡಿ ಸೀಳನ್ನು 3 ಮಿ.ಮೀ.ಗೆ ಇಳಿಸಿದೆ, ಹಿಂಬದಿಗೆ ಕಪ್ಪು ಬಳಿದೆ. ಈ ಸಲ ತಿರುಗಿಸಿದ ಕೂಡಲೇ "ಅಮ್ಮಾ, ಹಾರ್ತಿದೆ!" ಅಂತ ಕೂಗಿದಳು. ನಾನೂ ಬಗ್ಗಿ ನೋಡಿದೆ. ನಿಜಕ್ಕೂ ಹಾರುತ್ತಿತ್ತು. ಮೊಬೈಲಿನಲ್ಲಿ ದಿನಾ ಎಷ್ಟೋ ವಿಡಿಯೋ ನೋಡುವ ಮಗು, ತಾನೇ ಬರೆದ ಕಪ್ಪೆ ಕುಪ್ಪಳಿಸಿದ್ದಕ್ಕೆ ಅರ್ಧ ಗಂಟೆ ಕನ್ನಡಿ ಬಿಟ್ಟು ಕದಲಲಿಲ್ಲ.

ಈ ಆಟಿಕೆಯ ಹೆಸರು ಫೆನಾಕಿಸ್ಟಿಸ್ಕೋಪ್. 1832ರಲ್ಲಿ ಬೆಲ್ಜಿಯಂನ ಜೋಸೆಫ್ ಪ್ಲಾಟೋ ಮಾಡಿದ್ದು. ಹೆಚ್ಚುಕಡಿಮೆ ಅದೇ ಹೊತ್ತಿಗೆ ವಿಯೆನ್ನಾದಲ್ಲಿ ಸೈಮನ್ ಸ್ಟಾಂಪ್ಫರ್ ಕೂಡ ಇಂಥದೇ ಚಕ್ರ ಮಾಡಿದ್ದರು. ಸೀಳಿನ ಕೆಲಸ ಇಷ್ಟೇ: ಪ್ರತಿ ಚಿತ್ರವನ್ನೂ ಕಣ್ಣಿಗೆ ಒಂದು ಚೂರು ಹೊತ್ತು ತೋರಿಸಿ, ಮುಂದಿನದು ಬರುವ ತನಕ ಮುಚ್ಚಿಬಿಡುವುದು. ಕಣ್ಣಿಗೆ ಸಿಗುವುದು 12 ಬಿಡಿ ಚಿತ್ರ, ನಡುವಿನ ಚಲನೆಯನ್ನು ಹೊಲಿದುಕೊಳ್ಳುವುದು ನಮ್ಮ ಮಿದುಳು. ಚಿತ್ರ ಕಣ್ಣಲ್ಲೇ ಸ್ವಲ್ಪ ಹೊತ್ತು ಉಳಿಯುತ್ತದೆ, ಅದಕ್ಕೇ ಹೀಗೆ ಕಾಣುತ್ತದೆ ಅಂತ ಎಷ್ಟೋ ಕಡೆ ಬರೆದಿರುತ್ತಾರೆ. ಅಷ್ಟೇ ಆಗಿದ್ದರೆ ಚಿತ್ರಗಳೆಲ್ಲ ಒಂದರ ಮೇಲೊಂದು ಕಲಸಿಹೋಗಬೇಕಿತ್ತು ಅಲ್ವಾ?

ಆದರೆ ಸೀಳು ಸಣ್ಣದಾದಷ್ಟೂ ಬೆಳಕು ಕಡಿಮೆ. ನಾವು ಕೊನೆಗೆ ಕನ್ನಡಿಯನ್ನೇ ಕಿಟಕಿ ಬಿಸಿಲಿಗೆ ಹೊತ್ತುಕೊಂಡು ಹೋಗಬೇಕಾಯಿತು. ಒಬ್ಬರು ನೋಡುವಾಗ ಇನ್ನೊಬ್ಬರು ಕಾಯಬೇಕು. ಕಪ್ಪೆಯೂ ಅಷ್ಟೇ, ಹಾರಿದ್ದನ್ನೇ ಹಾರುತ್ತದೆ, ಎಲ್ಲೂ ಹೋಗಲ್ಲ. ಆಮೇಲೆ ಬಂದ ಝೋಟ್ರೋಪ್ ಅನ್ನುವ ತಿರುಗುವ ಡಬ್ಬಿಯಲ್ಲಿ ಕನ್ನಡಿ ಬೇಕಿರಲಿಲ್ಲ, ಸುತ್ತ ನಿಂತು ನಾಲ್ಕು ಜನ ಒಟ್ಟಿಗೆ ನೋಡಬಹುದಿತ್ತು. ಸೀಳು ಮಾತ್ರ ಹಾಗೇ ಉಳಿಯಿತು, ಕತ್ತಲೆಯೂ ಉಳಿಯಿತು.

ಆ ಸೀಳನ್ನು ಕಿತ್ತು ಹಾಕಿದವರು ಫ್ರಾನ್ಸಿನ ಎಮಿಲ್ ರೆನೋ. ಈ ಬರಹ ಶುರು ಮಾಡಿದ್ದೇ ಅವರಿಗಾಗಿ. 1844ರಲ್ಲಿ ಹುಟ್ಟಿದವರು. ಅಪ್ಪನಿಂದ ಯಂತ್ರದ ಕೆಲಸ ಬಂತು, ಅಮ್ಮನಿಂದ ಜಲವರ್ಣ ಬಂತು. 1877ರಲ್ಲಿ ಪ್ರಾಕ್ಸಿನೋಸ್ಕೋಪ್ ಅಂತ ಒಂದು ಆಟಿಕೆಗೆ ಪೇಟೆಂಟ್ ತೆಗೆದುಕೊಂಡರು. ಡಬ್ಬಿಯ ಒಳಗೋಡೆಗೆ ಚಿತ್ರದ ಪಟ್ಟಿ, ನಡುವೆ 12 ಕನ್ನಡಿಗಳ ಒಂದು ಸಣ್ಣ ಕಂಬ, ಎರಡೂ ಒಟ್ಟಿಗೇ ತಿರುಗುತ್ತವೆ. ಜಾಣತನ ಇರುವುದು ಅಳತೆಯಲ್ಲಿ. ಕನ್ನಡಿಗಳು ಡಬ್ಬಿಯ ನಡುಬಿಂದುವಿಗೂ ಚಿತ್ರದ ಪಟ್ಟಿಗೂ ಸರಿಯಾಗಿ ಅರ್ಧ ದೂರದಲ್ಲಿವೆ. ಕನ್ನಡಿ ಮುಂದೆ ಎಷ್ಟು ದೂರ ನಿಂತರೆ ಪ್ರತಿಬಿಂಬ ಅಷ್ಟೇ ಹಿಂದೆ ಕಾಣುತ್ತದಲ್ಲ, ಹಾಗೆ ಇಲ್ಲಿ ಪ್ರತಿಬಿಂಬ ಬೀಳುವುದು ನಟ್ಟನಡುವೆ, ತಿರುಗುವ ಅಚ್ಚಿನ ಮೇಲೇ. ಡಬ್ಬಿ ಎಷ್ಟು ಜೋರಾಗಿ ತಿರುಗಿದರೂ ಅಚ್ಚು ಜಾಗ ಬಿಡಲ್ಲ. ಅದಕ್ಕೇ ಚಿತ್ರವೂ ಅಲ್ಲೇ ನಿಂತು ಕುಣಿಯುತ್ತದೆ. ಮುಚ್ಚಿ ತೆರೆಯುವ ಗೋಜೇ ಇಲ್ಲ, ಬೆಳಕು ಪೂರ್ತಿ ಸಿಗುತ್ತದೆ.

ಅವರಿಗೆ ಅಷ್ಟು ಸಾಲಲಿಲ್ಲ. 12 ಚಿತ್ರದಲ್ಲಿ ಕಥೆ ಹೇಳಲಿಕ್ಕೆ ಆಗಲ್ಲ ತಾನೇ. ಜಿಲೆಟಿನ್ ಹಾಳೆಯ ಸಣ್ಣ ಚೌಕಗಳ ಮೇಲೆ ನೂರಾರು ಚಿತ್ರ ಬರೆದು, ಅವನ್ನು ಉದ್ದ ಪಟ್ಟಿಯಾಗಿ ಜೋಡಿಸಿ, ಚೌಕಗಳ ನಡುವೆ ತೂತು ಮಾಡಿ ಎರಡು ದೊಡ್ಡ ಗಾಲಿಗೆ ಸುತ್ತಿದರು. ಹಿಂದಿನಿಂದ ಲಾಂಧ್ರದ ಬೆಳಕು ಹಾಯಿಸಿದರೆ ಕನ್ನಡಿಗಳ ಮೂಲಕ ಚಿತ್ರ ಪರದೆ ಮೇಲೆ. ಮನೆ, ತೋಟ, ಸಮುದ್ರದಂಥ ಹಿನ್ನೆಲೆಗೆ ಬೇರೆ ಲಾಂಧ್ರ. 1888ರಲ್ಲಿ ಇದರ ಪೇಟೆಂಟಿಗೆ ಅರ್ಜಿ ಹಾಕಿದರು. 1892ರ ಅಕ್ಟೋಬರ್ 28ರಂದು ಪ್ಯಾರಿಸ್ಸಿನ ಗ್ರೆವಾಂ ಮೇಣದ ಗೊಂಬೆಗಳ ಮ್ಯೂಸಿಯಂನಲ್ಲಿ ಜನರಿಗೆ ಮೊದಲ ಪ್ರದರ್ಶನ. ಲೂಮಿಯೇರ್ ಸಹೋದರರು ದುಡ್ಡು ತೆಗೆದುಕೊಂಡು ಜನರಿಗೆ ಸಿನಿಮಾ ತೋರಿಸಿದ್ದು 1895ರ ಡಿಸೆಂಬರ್ 28ಕ್ಕೆ. ಅಂದರೆ ಕೈಯಲ್ಲಿ ಬರೆದ ಗೊಂಬೆಗಳು ಪರದೆ ಮೇಲೆ ಮೂರು ವರ್ಷ ಮೊದಲೇ ಓಡಾಡಿದ್ದವು. ಅನಿಮೇಷನ್ ಅಂದರೆ ಸಿನಿಮಾದ ತಮ್ಮ ಅಂತ ತಿಳಿದಿದ್ದೆ. ಅಲ್ಲ, ಅಣ್ಣ.

'ಪೋವ್ರ್ ಪಿಯೆರೋ', ಅಂದರೆ 'ಪಾಪದ ಪಿಯೆರೋ', ಅನ್ನುವ ಅವರ ಕಥೆಯಲ್ಲಿ ಇದ್ದಿದ್ದು 500 ಚಿತ್ರ. ಈಗಿನ ಸಿನಿಮಾ ವೇಗದಲ್ಲಿ ಓಡಿಸಿದರೆ ಅರ್ಧ ನಿಮಿಷ ಬರಲ್ಲ. ರೆನೋ ಅದನ್ನು ಹತ್ತು ನಿಮಿಷಕ್ಕೂ ಜಾಸ್ತಿ ಆಡಿಸುತ್ತಿದ್ದರು! ಪರದೆಯ ಹಿಂದೆ ನಿಂತು ಎರಡೂ ಗಾಲಿಗಳನ್ನು ಕೈಯಲ್ಲೇ ತಿರುಗಿಸುವುದು. ಪಿಯೆರೋ ಹಿಂಜರಿಯಬೇಕಾ, ನಾಲ್ಕು ಚಿತ್ರ ಹಿಂದಕ್ಕೆ, ಮತ್ತೆ ಮುಂದಕ್ಕೆ. ಅವನು ಯೋಚನೆ ಮಾಡಬೇಕಾ, ಗಾಲಿ ನಿಲ್ಲಿಸಿದರಾಯಿತು. ಕೋಲಿನ ಏಟು ಬೀಳುವ ಕಡೆ ಪಟ್ಟಿಗೇ ಲೋಹದ ತುಂಡು ಸೇರಿಸಿದ್ದರು, ಅದು ಕರೆಂಟಿಗೆ ತಗುಲಿ ಸರಿಯಾದ ಹೊತ್ತಿಗೆ ಸದ್ದು ಬರುತ್ತಿತ್ತು. ನಮ್ಮ ತೊಗಲು ಗೊಂಬೆ ಆಟದವರೂ ಪರದೆ ಹಿಂದೆ ಕೂತು ಹೀಗೇ ಅಲ್ವಾ, ಜನ ನಕ್ಕರೆ ಗೊಂಬೆಯನ್ನು ಇನ್ನೊಂಚೂರು ಕುಣಿಸುವುದು.

1900ರ ತನಕ 12,800 ಪ್ರದರ್ಶನ, 5 ಲಕ್ಷ ಪ್ರೇಕ್ಷಕರು. ಆದರೆ ಸಿನಿಮಾದವರು ಕ್ಯಾಮೆರಾ ಇಟ್ಟು ಹ್ಯಾಂಡಲ್ ತಿರುಗಿಸಿದರೆ ಸಾಕು, ದಿನಕ್ಕೊಂದು ಹೊಸ ಚಿತ್ರ ತಯಾರು. ರೆನೋಗೆ ಒಂದೊಂದು ಕಥೆ ಬರೆಯಲಿಕ್ಕೂ ತಿಂಗಳುಗಟ್ಟಲೆ ಬೇಕು. ಮ್ಯೂಸಿಯಂನ ಕೆಲಸ ಹೋಯಿತು, ದುಡ್ಡು ಹೋಯಿತು. ಕೊನೆಗೆ ತನ್ನ ಯಂತ್ರವನ್ನು ತಾವೇ ಒಡೆದು ಹಾಕಿದರು. ಚಿತ್ರದ ಪಟ್ಟಿಗಳಲ್ಲಿ ಹೆಚ್ಚಿನವನ್ನು ಸೇನ್ ನದಿಗೆ ಎಸೆದರು. ಇದನ್ನು ಮೊದಲು ಓದಿದ ದಿನ ನನಗೆ ಬೇರೆ ಕೆಲಸ ಮಾಡಲಾಗಲಿಲ್ಲ. ಒಂದೊಂದು ಚೌಕಕ್ಕೂ ಕೂತು ಬಣ್ಣ ಹಾಕಿದ ಕೈ ಅದು. 1918ರ ಜನವರಿಯಲ್ಲಿ ಪ್ಯಾರಿಸ್ ಪಕ್ಕದ ಇವ್ರಿಯ ಆಶ್ರಮವೊಂದರಲ್ಲಿ ತೀರಿಕೊಂಡರು. ಉಳಿದಿರುವುದು ಎರಡೇ: ಪಿಯೆರೋನ ಕಥೆ, ಇನ್ನೊಂದು ಸಮುದ್ರ ದಂಡೆಯ ಕಥೆ. ಎರಡನ್ನೂ ಈಗ ಇಂಟರ್ನೆಟ್‌ನಲ್ಲಿ ನೋಡಬಹುದು, ಆ ಬಣ್ಣ ನೋಡಿ ದಯವಿಟ್ಟು. ಅಕ್ಟೋಬರ್ 28ನ್ನು ಜಗತ್ತಿನ ಅನಿಮೇಷನ್ ಕಲಾವಿದರು ತಮ್ಮ ದಿನ ಅಂತ ಆಚರಿಸುವುದು ಅವರ ಆ ಮೊದಲ ಪ್ರದರ್ಶನದ ನೆನಪಿಗೆ.

ನಿನ್ನೆ ಗಾಜಿನ ಅಂಗಡಿಗೆ ಹೋಗಿ ಕನ್ನಡಿಯ 12 ಸಣ್ಣ ಪಟ್ಟಿ ಕತ್ತರಿಸಿಕೊಂಡು ಬಂದೆ. ಬಿಸ್ಕತ್ತಿನ ದುಂಡು ಡಬ್ಬಿ ಮನೆಯಲ್ಲೇ ಇದೆ. ಕಪ್ಪೆ ಬೇಡವಂತೆ, ಈ ಸಲ ಹಗ್ಗದಾಟ ಆಡುವ ಹುಡುಗಿ. ಏಳು ಚಿತ್ರ ಆಗಿದೆ, ಇನ್ನೂ ಐದು ಬಾಕಿ.