ಹಿಂದಿನ ಸೀಟಿನ ಕುಲುಕಾಟ

ಮಲ್ಲಂದೂರಿನ ಕಡೆಯಿಂದ ತಿಂಗಳಿಗೊಮ್ಮೆ ಅಪ್ಪನನ್ನು ಬೈಕಿನಲ್ಲಿ ಚಿಕ್ಕಮಗಳೂರಿನ ಆಸ್ಪತ್ರೆಗೆ ಕರೆದೊಯ್ಯುತ್ತೇನೆ. ಬಸ್ಸಿನ ಮೆಟ್ಟಿಲು ಹತ್ತುವುದು ಅವರಿಗೆ ಕಷ್ಟ. ಕಳೆದ ಮಳೆಗಾಲ ಮುಗಿದ ಮೇಲೆ ಪ್ರತಿ ಹೊಂಡಕ್ಕೂ ಅವರ ಕೈ ನನ್ನ ಭುಜವನ್ನು ಬಿಗಿಯಾಗಿ ಹಿಡಿಯತೊಡಗಿತು. "ನೋವಾಯಿತೇನಪ್ಪಾ?" ಎಂದರೆ, "ರಸ್ತೆಯೇ ಹಾಗಿದೆ, ನೀನೇನು ಮಾಡುತ್ತೀಯ" ಎನ್ನುತ್ತಿದ್ದರು.

ಹಿಂಭಾಗ ಕುಸಿಯುತ್ತಿದೆ ಎಂದುಕೊಂಡು ನಾನು ಹಿಂಚಕ್ರದ ಎರಡು ಬದಿಯ ಶಾಕ್ ಅಬ್ಸಾರ್ಬರುಗಳಲ್ಲಿ ಸ್ಪ್ರಿಂಗ್ ಬಿಗಿಮಾಡುವ ಬಳೆಯನ್ನು ಎರಡನೆಯ ಮೆಟ್ಟಿಲಿನಿಂದ ಕೊನೆಯದಾದ ಐದಕ್ಕೆ ತಿರುಗಿಸಿದ್ದೆ. ಕುಲುಕಾಟ ಹೆಚ್ಚಿತು. ಹೊಂಡ ದಾಟಿದ ಕೂಡಲೇ ಸೀಟು ಅವರನ್ನು ಎತ್ತಿ ಹಾಕುತ್ತಿತ್ತು.

ಅಂದು ಅಪ್ಪನನ್ನು ಸರದಿಯಲ್ಲಿ ಕೂರಿಸಿ ಗ್ಯಾರೇಜಿಗೆ ಹೋದೆ. ವಯಸ್ಸಾದ ಮೇಸ್ತ್ರಿ ಯಾವ ಸ್ಪ್ಯಾನರನ್ನೂ ಮುಟ್ಟದೆ, ಸೀಟನ್ನು ಮೈಭಾರ ಹಾಕಿ ಅದುಮಿ ಬಿಟ್ಟರು. ಅದು ಮೂರು ಸಲ ಏರಿಳಿಯಿತು. "ಒಂದೇ ಸಲ ಎದ್ದು ನಿಲ್ಲಬೇಕು" ಎಂದರು. ಎಡಗಡೆಯ ಶಾಕ್ ಅಬ್ಸಾರ್ಬರಿನ ಮೇಲಿನ ಧೂಳನ್ನು ಒರೆಸಿದಾಗ ಅವರ ಬೆರಳಿಗೆ ಕಪ್ಪು ಜಿಡ್ಡು ಅಂಟಿತು.

ನನಗೆ ಗೊತ್ತಿಲ್ಲದಿದ್ದದ್ದು ಇದು: ಭಾರ ಹೊರುವುದು ಸ್ಪ್ರಿಂಗ್, ಅದರ ಕುಣಿತ ನಿಲ್ಲಿಸುವುದು ಕೊಳವೆಯೊಳಗಿನ ಎಣ್ಣೆ. ಪಿಸ್ಟನ್ನಿನ ಸಣ್ಣ ರಂಧ್ರಗಳಲ್ಲಿ ಎಣ್ಣೆ ನುಸುಳಿ ಹೋಗಬೇಕಾದಾಗ ಚಲನೆಯ ಶಕ್ತಿ ಬಿಸಿಯಾಗಿ ಕಳೆಯುತ್ತದೆ. ಎಣ್ಣೆ ಸೋರಿದ ಮೇಲೆ ಸ್ಪ್ರಿಂಗನ್ನು ಹಿಡಿಯುವವರಿಲ್ಲ. ಅಂಥದ್ದನ್ನು ನಾನು ಇನ್ನಷ್ಟು ಬಿಗಿಮಾಡಿ ಅಪ್ಪನ ಸೊಂಟಕ್ಕೆ ಪೆಟ್ಟು ಕೊಟ್ಟಿದ್ದೆ. ತುಂಬ ಸಂಕಟವಾಯಿತು.

ಸ್ಪ್ರಿಂಗನ್ನು ಯಂತ್ರದಲ್ಲಿ ಅದುಮಿ ಬಿಚ್ಚಿದರು. ಕೈಯಿಂದ ಬಿಚ್ಚಲು ಹೋದರೆ ಸಿಡಿದು ಗಾಯವಾಗುತ್ತದೆ ಎಂದು ನನ್ನನ್ನು ದೂರ ನಿಲ್ಲಿಸಿದರು. ಆಮೇಲೆ ಪಿಸ್ಟನ್ನಿನ ಬರಿಯ ರಾಡನ್ನು ನನ್ನ ಕೈಯಿಂದಲೇ ಒತ್ತಿಸಿದರು. ಬಲಗಡೆಯದು ನಿಧಾನವಾಗಿ, ಒಂದೇ ಸಮನಾಗಿ ಇಳಿಯಿತು. ಎಡಗಡೆಯದು ಅರ್ಧದವರೆಗೆ ಟೊಳ್ಳಾಗಿ ಜಾರಿ, ನಂತರ ತಟ್ಟನೆ ತಡೆಯಿತು. ರಾಡಿನ ಮೇಲೆ ಉಗುರು ಎಳೆದಾಗ ತುಕ್ಕಿನ ಗುಳಿಗಳಿಗೆ ಸಿಕ್ಕಿಕೊಂಡಿತು. ನಮ್ಮ ಕೆಂಪು ಮಣ್ಣಿನ ಕೆಸರು ಮಳೆಗಾಲವಿಡೀ ಅಲ್ಲೇ ಒಣಗಿತ್ತು. ನಾನು ತೊಳೆಯುತ್ತಿದ್ದುದು ಟ್ಯಾಂಕು, ಚಕ್ರ ಮಾತ್ರ. ಇಂಥ ರಾಡಿಗೆ ಎಣ್ಣೆ ಸೋರದಂತೆ ತಡೆಯುವ ಹೊಸ ಆಯಿಲ್ ಸೀಲ್ ಹಾಕಿದರೂ ಅದು ಹರಿದುಹೋಗುತ್ತದೆ. ನನ್ನ ಬೈಕಿನ ಶಾಕ್ ಅಬ್ಸಾರ್ಬರ್ ಕೊಳವೆಯ ಅಂಚು ಮಡಚಿ ಮುಚ್ಚಿದ ಬಗೆಯದು, ಬಿಚ್ಚಿ ರಿಪೇರಿ ಮಾಡುವಂತೆಯೂ ಇರಲಿಲ್ಲ. ಪಕ್ಕದ ಗೂಟದಲ್ಲಿ ನೈಟ್ರೋಜನ್ ತುಂಬಿದ ಡಬ್ಬಿಯುಳ್ಳ ಒಂದು ಶಾಕ್ ಅಬ್ಸಾರ್ಬರ್ ನೇತಾಡುತ್ತಿತ್ತು. ಒಳಗೆ ಒತ್ತಡವಿರುವುದರಿಂದ ಅದನ್ನು ಇಲ್ಲಿ ಬಿಚ್ಚುವುದಿಲ್ಲ, ಬೆಂಗಳೂರಿಗೆ ಕಳುಹಿಸುತ್ತೇನೆ ಎಂದರು. ಗೊತ್ತಿರುವಷ್ಟನ್ನೇ ಮುಟ್ಟುವ ಆ ಶಿಸ್ತು ನನಗೆ ಹಿಡಿಸಿತು.

ಬಲಗಡೆಯದು ಚೆನ್ನಾಗಿದ್ದರೂ ಎರಡನ್ನೂ ಹೊಸದಾಗಿ ಹಾಕಿಸಿದೆ. ಒಂದು ಗಟ್ಟಿ, ಒಂದು ಮೆತ್ತಗೆ ಇದ್ದರೆ ಚಕ್ರದ ಎರಡು ಬದಿಗೂ ಸಮನಾದ ಹಿಡಿತ ಸಿಗುವುದಿಲ್ಲ.

ಬಳೆಯನ್ನು ಎರಡನೆಯ ಮೆಟ್ಟಿಲಿಗೆ ಇಳಿಸಿ ಮೇಸ್ತ್ರಿ ಹೇಳಿದರು, "ಯಜಮಾನರನ್ನು ಕೂರಿಸಿ ನೋಡಿ, ಆಮೇಲೆ ಬೇಕಾದರೆ ಏರಿಸಿ." ಆಸ್ಪತ್ರೆಯ ಗೇಟಿನ ಬಳಿ ಅಪ್ಪನನ್ನು ಕೂರಿಸಿ, ಹಿಂಭಾಗ ಎಷ್ಟು ತಗ್ಗಿತೆಂದು ಗೇಣು ಹಾಕಿ ನೋಡಿ, ಒಂದು ಮೆಟ್ಟಿಲು ಏರಿಸಿದೆ. "ಇಷ್ಟಕ್ಕೆಲ್ಲ ಅಳತೆಯೇನೋ?" ಎಂದರು ಅಪ್ಪ.

ಮನೆ ತಲುಪುವವರೆಗೂ ಅವರ ಕೈ ನನ್ನ ಭುಜದ ಮೇಲೆ ಹಗುರವಾಗಿಯೇ ಇತ್ತು.