ಪೇಲ್ ಏಲ್ 6ರಿಂದ 9: ಚಕ್ಕೋತಕ್ಕೆ ಎಷ್ಟು ಮಾವಿನ ಸೊನೆ?

ಫೆಬ್ರವರಿ 10

ಮನೆಯಲ್ಲೇ ಮಾಡುವ ಪೇಲ್ ಏಲ್ ಬಿಯರಿನ ಆರನೇ ಬ್ಯಾಚಿನ ಮೊದಲ ಬಾಟಲಿ ಇವತ್ತು ತೆರೆದೆ. ಫ್ರೀಜರಿನಲ್ಲಿ ಅರ್ಧಂಬರ್ಧ ಉಳಿದಿದ್ದ ಐದು ಪೊಟ್ಟಣ ಹಾಪ್ಸ್ (ಬಿಯರಿಗೆ ಕಹಿ, ಘಮ ಕೊಡುವ ಬಳ್ಳಿಯ ಹೂವು) ಅಷ್ಟನ್ನೂ ಈ 19 ಲೀಟರಿಗೆ ಸುರಿದಿದ್ದೆ: ಸಿಟ್ರಾ, ಮೊಸಾಯಿಕ್, ಸಿಮ್ಕೋ, ಅಮರಿಲ್ಲೊ, ಸೆಂಟೆನಿಯಲ್. ಒಂದೊಂದೂ ಘಮಘಮ ಅನ್ನುವ ತಳಿ. ಎಲ್ಲ ಸೇರಿದರೆ ಇನ್ನೆಷ್ಟು ಚೆನ್ನಾಗಿರಬಹುದು ಅಂತ ನನ್ನ ಲೆಕ್ಕ.

ನನ್ನವಳು ಲೋಟ ಮೂಸಿ, "ಹಣ್ಣಿನ ಅಂಗಡಿ ಮುಂದೆ ಬಸ್ಸಲ್ಲಿ ಹೋದ ಹಾಗಿದೆ ರೀ. ಯಾವ ಹಣ್ಣು ಅಂತ ಮಾತ್ರ ಕೇಳ್ಬೇಡಿ" ಅಂದಳು. ಸರಿಯಾಗಿಯೇ ಹೇಳಿದಳು. ಕೆಟ್ಟಿಲ್ಲ, ಆದರೆ ಮುಖವೂ ಇಲ್ಲ. ಒಂದರ ಮೇಲೊಂದು ಬಿದ್ದು ಎಲ್ಲ ಕಲಸುಮೇಲೋಗರ.

ನಾವಿರುವುದು ಅಮೆರಿಕದ ಆರೆಗಾನಿನ ಬೀವರ್ಟನ್‌ನಲ್ಲಿ. ಊರಿನಲ್ಲಾದರೆ ಅಬಕಾರಿ ಲೈಸೆನ್ಸ್ ಇಲ್ಲದೆ ಇದಕ್ಕೆ ಕೈಹಾಕುವಂತಿಲ್ಲ. ಇಲ್ಲಿ 1978ರಲ್ಲಿ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾನೂನಿನಿಂದಾಗಿ, ಇಬ್ಬರು ವಯಸ್ಕರಿರುವ ಮನೆಯವರು ವರ್ಷಕ್ಕೆ 200 ಗ್ಯಾಲನ್‌ವರೆಗೆ ತಮಗಾಗಿ ಬಿಯರ್ ಮಾಡಿಕೊಳ್ಳಬಹುದು, ಮಾರುವಂತಿಲ್ಲ. ಅಂದರೆ ಸುಮಾರು 757 ಲೀಟರ್. ನಾನು ಅದರ ಹತ್ತಿರಕ್ಕೂ ಹೋಗಿಲ್ಲ, ಗ್ಯಾರೇಜಿನಲ್ಲಿ ಅಷ್ಟು ಜಾಗ ಸಿಕ್ಕುವುದಿಲ್ಲ.

ಫೆಬ್ರವರಿ 21

ಬೆರೆಸುವ ಮೊದಲು ಬಿಡಿಬಿಡಿಯಾಗಿ ಗುರುತು ಹಿಡಿಯಬೇಕು. ಸುಲಭದ ದಾರಿ ಹಿಡಿದೆ: ರುಚಿಯೇ ಇಲ್ಲದ ಅಗ್ಗದ ಲೈಟ್ ಲಾಗರ್ ಬಿಯರ್ ಆರು ಬಾಟಲಿ ತಂದು, ಒಂದೊಂದಕ್ಕೆ ಒಂದೊಂದು ತಳಿಯ 1.5 ಗ್ರಾಂ ಪೆಲೆಟ್ (ಹಾಪ್ಸ್ ಪುಡಿ ಒತ್ತಿದ ಗುಳಿಗೆ) ಹಾಕಿ, ಮತ್ತೆ ಮುಚ್ಚಳ ಒತ್ತಿ ಮೂರು ದಿನ ಬಿಡುವುದು. ಮೊದಲನೆಯದಕ್ಕೆ ಪೆಲೆಟ್ ಬಿದ್ದದ್ದೇ ತಡ, ನೊರೆ ಉಕ್ಕಿ ಕಾಲುಭಾಗ ಸಿಂಕಿನ ಪಾಲಾಯಿತು. ಉಳಿದವನ್ನು ಮಂಜುಗಟ್ಟುವ ಹತ್ತಿರಕ್ಕೆ ತಣಿಸಿಕೊಂಡು ಹಾಕಿದೆ, ಸುಮ್ಮನೆ ಕೂತವು.

ಪೊಟ್ಟಣದ ಮೇಲಿನ ವರ್ಣನೆಗಳು ನನಗೆ ಕೆಲಸಕ್ಕೆ ಬರುವುದಿಲ್ಲ. ಪ್ಯಾಶನ್ ಫ್ರೂಟ್, ಬ್ಲೂಬೆರಿ, ಗ್ರೇಪ್‌ಫ್ರೂಟ್ ಅಂತ ಬರೆದಿರುತ್ತಾರೆ. ಇವನ್ನೆಲ್ಲ ನಾನು ತಿಂದದ್ದು ಮೂವತ್ತು ದಾಟಿದ ಮೇಲೆ, ಮೂಗಿನ ನೆನಪಿನಲ್ಲಿ ಅವಕ್ಕೆ ಬೇರಿಲ್ಲ. ಹಾಗಾಗಿ ಪೊಟ್ಟಣ ತಿರುಗಿಸಿಟ್ಟು, ಮೂಸಿದಾಗ ಮೊದಲು ಬಾಯಿಗೆ ಬಂದ ಕನ್ನಡದ ಮಾತನ್ನೇ ಬರೆಯುತ್ತಾ ಹೋದೆ.

ಕ್ಯಾಸ್ಕೇಡ್‌ಗೆ ಯೋಚನೆಯೇ ಬೇಕಾಗಲಿಲ್ಲ. ಚಕ್ಕೋತ. ಅದೂ ತೊಳೆಯಲ್ಲ, ಸಿಪ್ಪೆ ಸುಲಿಯುವಾಗ ಉಗುರಿನ ಸಂದಿಗೆ ಸೇರುವ ಎಣ್ಣೆ. ನಮ್ಮೂರು ದೇವನಹಳ್ಳಿ ಪಕ್ಕ, ಹಿತ್ತಿಲಲ್ಲಿ ಚಕ್ಕೋತದ ಮರವಿತ್ತು, ತಪ್ಪುವ ಮಾತೇ ಇಲ್ಲ. ಆಮೇಲೆ ಹೊಳೆಯಿತು: ಗ್ರೇಪ್‌ಫ್ರೂಟ್ ಹುಟ್ಟಿದ್ದೇ ಚಕ್ಕೋತ ಮತ್ತು ಕಿತ್ತಳೆಯ ಕೂಡಿಕೆಯಿಂದ. ಪೊಟ್ಟಣ ಮಗನ ಹೆಸರು ಹೇಳುತ್ತಿತ್ತು, ನಾನು ಅಪ್ಪನನ್ನು ಗುರುತು ಹಿಡಿದಿದ್ದೆ.

ಸೆಂಟೆನಿಯಲ್: ಗಜನಿಂಬೆ, ಹಿಂದೆ ಯಾವುದೋ ಹೂವು. ಸಿಮ್ಕೋ: ಶುಕ್ರವಾರ ಸಂಜೆಯ ಧೂಪ. ಅಮರಿಲ್ಲೊ: ಕಿತ್ತಳೆ, ಅಷ್ಟೇ. ಸಿಟ್ರಾ: ಹಣ್ಣಾದ ಸೀಬೆಗೆ ನಿಂಬೆ ಹಿಂಡಿದ ಹಾಗೆ. ಮೊಸಾಯಿಕ್ ಹತ್ತಿರ ಮಾತ್ರ ತುಂಬಾ ಹೊತ್ತು ಕೂತೆ. ಮಾವು ಹೌದು, ಹಣ್ಣಲ್ಲ. ತೊಟ್ಟು ಮುರಿದಾಗ ಚಿಮ್ಮುವ ಸೊನೆ. ಲೋಟ ಬೆಚ್ಚಗಾದ ಹಾಗೆ ಅದರಡಿಯಿಂದ ಸಣ್ಣಗೆ ಬೆಳ್ಳುಳ್ಳಿ. ಮಾವಿನ ನೆನಪು ಸುಮ್ಮನೆ ಬಂದದ್ದಲ್ಲ: ಹಾಪ್ಸ್ ಎಣ್ಣೆಯಲ್ಲಿ ಹೇರಳವಾಗಿರುವ ಮೈರ್ಸೀನ್ ಮಾವಿನಲ್ಲೂ ಇದೆ.

ಫೆಬ್ರವರಿ 25

ಏಳನೇ ಬ್ಯಾಚ್. ಘಮಕ್ಕೆ ಕ್ಯಾಸ್ಕೇಡ್ ಒಂದೇ. ಇಲ್ಲಿಂದ ದಕ್ಷಿಣಕ್ಕೆ ಒಂದೂವರೆ ಗಂಟೆ ದಾರಿಯ ಕೊರ್ವಾಲಿಸ್‌ನ ತಳಿ ಸಂಶೋಧನೆಯಿಂದ 1972ರಲ್ಲಿ ಹೊರಬಂದದ್ದು ಇದು. ಇಂಗ್ಲೆಂಡಿನ ಫಗಲ್ ಇದರ ವಂಶದಲ್ಲಿದೆ. 1980ರಲ್ಲಿ ಸಿಯೆರಾ ನೆವಾಡಾದವರು ತಮ್ಮ ಪೇಲ್ ಏಲ್‌ಗೆ ಇದನ್ನೇ ಹಾಕಿದರು. ಆ ರುಚಿಯೇ ಇಡೀ ಅಮೆರಿಕದ ಪೇಲ್ ಏಲ್‌ನ ರುಚಿಯಾಯಿತು. ಈಗಿನವರಿಗೆ ಇದು ಹಳೇ ಕಾಲದ್ದು ಅಂತ ಸ್ವಲ್ಪ ತಾತ್ಸಾರ.

ಕಹಿಗೆ ಮಾತ್ರ ಜರ್ಮನಿಯ ಮ್ಯಾಗ್ನಮ್. ಹಾಪ್ಸ್‌ನ ಆಲ್ಫಾ ಆಮ್ಲ ಕುದಿಯುವಾಗ ರೂಪ ಬದಲಿಸಿದರೇ ಕಹಿ ಹುಟ್ಟುವುದು, ಅದಕ್ಕೆ ಹೊತ್ತು ಬೇಕು. ಆ ಹೊತ್ತಿನಲ್ಲಿ ಘಮದ ಎಣ್ಣೆ ಆವಿಯಾಗಿ ಹೋಗಿರುತ್ತದೆ. ಸಾರು ಇಳಿಸುವಾಗ ಕೊತ್ತಂಬರಿ ಸೊಪ್ಪು ಹಾಕುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ದುಬಾರಿ ಸಿಟ್ರಾವನ್ನು ಒಂದು ಗಂಟೆ ಕುದಿಸುವುದು ಮಲ್ಲಿಗೆ ಹೂವನ್ನು ಪಲ್ಯ ಮಾಡಿದ ಹಾಗೆ.

ಲೆಕ್ಕ: ಆಲ್ಫಾ ಶೇ 12.5 ಇರುವ ಮ್ಯಾಗ್ನಮ್ 14 ಗ್ರಾಂ, 19 ಲೀಟರ್, 60 ನಿಮಿಷದ ಕುದಿ. ವರ್ಟ್‌ನ, ಅಂದರೆ ಹುದುಗುವ ಮುಂಚಿನ ಮಾಲ್ಟ್ (ಮೊಳಕೆ ಬಾರ್ಲಿ) ರಸದ ಸಾಂದ್ರತೆ ನೀರಿನ 1.052 ಪಟ್ಟು. ಕಹಿ ಲೆಕ್ಕಹಾಕುವ ಟಿನ್ಸೆತ್ ಸೂತ್ರದ ಪ್ರಕಾರ ಆಲ್ಫಾದಲ್ಲಿ ಶೇ 23ರಷ್ಟು ಮಾತ್ರ ಬಿಯರಿಗೆ ದಕ್ಕುತ್ತದೆ, ಸುಮಾರು 21 ಐಬಿಯು (ಬಿಯರಿನ ಕಹಿಯ ಅಳತೆ). ಮುಂದಿನ ಎಲ್ಲ ಬ್ಯಾಚಿಗೂ ಇದೇ ಬುನಾದಿ, ಇದನ್ನು ಮುಟ್ಟುವುದಿಲ್ಲ.

ಮಾರ್ಚ್ 27

ಏಳನೆಯದು ಕುಡಿಯಲು ಸಿದ್ಧ. ಚಕ್ಕೋತ ಸ್ಪಷ್ಟವಾಗಿದೆ. ಎರಡನೇ ಲೋಟಕ್ಕೆ ಬೇಜಾರು. ಒಬ್ಬರೇ ತಂಬೂರಿ ಮೀಟುತ್ತಾ ಕೂತ ಹಾಗೆ.

ಅದೇ ಸಂಜೆ ಅಡುಗೆಮನೆಯಲ್ಲಿ ನನ್ನವಳು ಹುಳಿಪುಡಿಗೆ ಧನಿಯ ಹುರಿಯುತ್ತಿದ್ದಳು. ಹುರಿಯುವ ಮೊದಲಿನ ಹಸಿ ಧನಿಯವನ್ನು ಅಂಗೈಯಲ್ಲಿ ಉಜ್ಜಿ ಮೂಸಿದರೆ ಥೇಟ್ ಸೆಂಟೆನಿಯಲ್ ಹಿಂದಿದ್ದ ಹೂವು! ಧನಿಯದ ಎಣ್ಣೆಯಲ್ಲಿ ಮುಖ್ಯವಾದದ್ದು ಲಿನಲೂಲ್, ಹಾಪ್ಸ್‌ನಲ್ಲೂ ಅದೇ ಹೂವಿನ ಘಮ ಕೊಡುವುದು. ನಾನು ಕುಣಿಯುತ್ತಿದ್ದರೆ ಅವಳು ಬಾಣಲೆಯಿಂದ ಕಣ್ಣು ತೆಗೆಯದೆ ಹೇಳಿದ್ದು ಇಷ್ಟು: "ಹುಳಿಪುಡಿಗೆ ಧನಿಯ ಎಷ್ಟು, ಇಂಗು ಎಷ್ಟು ಹಾಕ್ತೀನಿ ನೋಡಿದೀರಾ? ನೀವು ಐದನ್ನೂ ಒಂದೇ ಅಳತೆ ಹಾಕಿದ್ರಲ್ಲ."

ಆರನೇ ಬ್ಯಾಚಿನ ರೋಗ ಅಲ್ಲಿತ್ತು. ನಾನು ತಳಿಗಳನ್ನು ಆರಿಸಿದ್ದೆ, ಯಾರು ಧನಿಯ, ಯಾರು ಇಂಗು ಅಂತ ಆರಿಸಿರಲಿಲ್ಲ.

ಏಪ್ರಿಲ್ 15

ಎಂಟನೇ ಬ್ಯಾಚ್ ಒಂಬತ್ತು ದಿನ ಹುದುಗಿ 1.052ರಿಂದ 1.012ಕ್ಕೆ ಇಳಿದಿದೆ. ಇವತ್ತು ನಾಲ್ಕು ಒಂದು ಗ್ಯಾಲನ್ ಜಾಡಿಗಳಿಗೆ ಹಂಚಿದೆ. ಸೈಫನ್ ಕೊಳವೆಯ ತುದಿ ತಳಕ್ಕೆ ಮುಟ್ಟಿಸಿ, ಗುಳುಗುಳು ಆಗದಂತೆ, ಕಂಠಪೂರ್ತಿ. ಹುದುಗಿದ ಮೇಲೆ ಗಾಳಿ ತಾಗಿದರೆ ಮೊದಲು ಸಾಯುವುದು ಹಾಪ್ಸ್ ಘಮವೇ. ಪ್ರತಿ ಜಾಡಿಗೂ ಡ್ರೈ ಹಾಪ್ (ಹುದುಗಿದ ಮೇಲೆ ಕುದಿಸದೆ ಹಾಗೇ ಹಾಕುವ ಹಾಪ್ಸ್) 18 ಗ್ರಾಂ.

ಒಂದನೆಯದಕ್ಕೆ ಸಿಟ್ರಾ ಮಾತ್ರ. ಎರಡನೆಯದಕ್ಕೆ ಕ್ಯಾಸ್ಕೇಡ್, ಸಿಟ್ರಾ ಸಮಸಮ. ಮೂರನೆಯದಕ್ಕೆ ಸಿಟ್ರಾ 12, ಮೊಸಾಯಿಕ್ 6. ನಾಲ್ಕನೆಯದಕ್ಕೆ ಹುಳಿಪುಡಿ ನ್ಯಾಯ: ಸೆಂಟೆನಿಯಲ್ 9, ಸಿಟ್ರಾ 6, ಮೊಸಾಯಿಕ್ 3. ಏನೂ ಹಾಕದ ಆರು ಬಾಟಲಿ ಹೋಲಿಕೆಗೆ ಪಕ್ಕಕ್ಕಿಟ್ಟೆ.

ಏಪ್ರಿಲ್ 30

ಅವಸರಕ್ಕೆ ಸಿಕ್ಕ ಬಹುಮಾನ. ಒಂದನೇ ಜಾಡಿಯನ್ನು ಮೂರನೇ ದಿನವೇ ಸಕ್ಕರೆ ಹಾಕಿ ಬಾಟಲಿಗೆ ತುಂಬಿಸಿದ್ದೆ. ಹುದುಗುವುದು ಮುಗಿದಿದೆಯಲ್ಲ ಅಂತ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಮತ್ತೆ ಮುಳುಗಿಸಲಿಲ್ಲ. ಇವತ್ತು ಮುಚ್ಚಳ ತೆಗೆದರೆ ಕಾರಂಜಿ. ಗ್ಯಾರೇಜಿನ ಸೂರಿಗೆ ತಾಗಿತು, ಉಳಿದದ್ದರಲ್ಲಿ ಬೆಣ್ಣೆಯ ವಾಸನೆ.

ಉಳಿದ ಮೂರು ಜಾಡಿಗಳನ್ನು 21ನೇ ತಾರೀಕು ಅಳೆದೇ ತುಂಬಿಸಿದ್ದೆ. 1.009 ತೋರಿಸಿದಾಗ ನನ್ನ ಓದುವಿಕೆಯೇ ತಪ್ಪಿರಬೇಕು ಅಂದುಕೊಂಡಿದ್ದೆ. ತಪ್ಪಿರಲಿಲ್ಲ. ಹಾಪ್ಸ್‌ನಲ್ಲಿ ಕಿಣ್ವಗಳಿವೆ. ಯೀಸ್ಟ್‌ಗೆ ಜೀರ್ಣವಾಗದೆ ಉಳಿದ ಡೆಕ್ಸ್‌ಟ್ರಿನ್‌ಗಳನ್ನು ಅವು ಸಕ್ಕರೆಯಾಗಿ ಮುರಿಯುತ್ತವೆ, ಮಲಗಿದ್ದ ಯೀಸ್ಟ್ ಎದ್ದು ಮತ್ತೆ ತಿನ್ನತೊಡಗುತ್ತದೆ. ಆಗಲೇ ಡೈಅಸಿಟೈಲ್ ಎಂಬ ಬೆಣ್ಣೆ ವಾಸನೆಯೂ ತಲೆಯೆತ್ತುವುದು. ಇಂಗ್ಲೆಂಡಿನ ಬ್ರೌನ್ ಮತ್ತು ಮಾರಿಸ್ 1893ರಲ್ಲೇ ಇದರ ಬಗ್ಗೆ ಬರೆದಿಟ್ಟಿದ್ದಾರೆ. ನಾನು ತಿಳಿದದ್ದು ಸೂರು ಒರೆಸುವಾಗ. ಬಾಕಿ ಎಂಟು ಬಾಟಲಿಗಳನ್ನು ದಪ್ಪ ಟವಲಿನಲ್ಲಿ ಸುತ್ತಿ ಹೊರಗೆ ತೆರೆದು ಚೆಲ್ಲಿದೆ. ಗಾಜು ಸಿಡಿದಿದ್ದರೆ ತಮಾಷೆಯಾಗಿರುತ್ತಿರಲಿಲ್ಲ.

ಮೇ 8

ಮೂರು ಜಾಡಿಗಳ ಫಲಿತಾಂಶ. ಹೊನ್ನಾವರದ ಗೆಳೆಯ ಬಂದಿದ್ದ. ಲೋಟಗಳ ತಳಕ್ಕೆ ಗುರುತು ಅಂಟಿಸಿ ಮೂವರೂ ಕುಡಿದೆವು.

ಎರಡನೆಯದು ಸಮಸಮ ಹಾಕಿದ್ದಾದರೂ ಸಮಸಮವಾಗಿರಲಿಲ್ಲ. ಸಿಟ್ರಾದಲ್ಲಿ ಎಣ್ಣೆ ಹೆಚ್ಚು, ಚಕ್ಕೋತವನ್ನು ಮುಚ್ಚಿಹಾಕಿತ್ತು. ತೂಕ ಒಂದೇ ಆದರೆ ಬಲವೂ ಒಂದೇ ಅಂತ ನಂಬಿದ್ದು ನನ್ನ ತಪ್ಪು. ಮೂರನೆಯದನ್ನು ಮೂಸಿ ಗೆಳೆಯ, "ಯಾರು ಮಾರಾಯ ಇದ್ರಲ್ಲಿ ಈರುಳ್ಳಿ ಹೆಚ್ಚಿದ್ದು?" ಅಂದ. ಅಷ್ಟೇನೂ ಇರಲಿಲ್ಲ, ಆದರೆ ಒಮ್ಮೆ ಹೇಳಿದ ಮೇಲೆ ಮೂಗಿಗೆ ಬೇರೇನೂ ಸಿಗಲಿಲ್ಲ. ತಡವಾಗಿ ಕೊಯ್ದ ಹಾಪ್ಸ್‌ನಲ್ಲಿ ಈ ಗಂಧಕದ ವಾಸನೆ ಜಾಸ್ತಿ. ನನ್ನ ಪೊಟ್ಟಣ ಅಂಥದ್ದೇ ಇರಬಹುದು.

ನಾಲ್ಕನೆಯದಕ್ಕೆ ಮೂವರ ಮತವೂ ಬಿತ್ತು. ಮೂರೇ ಗ್ರಾಂ ಮೊಸಾಯಿಕ್, ಹೆಸರು ಹಿಡಿದು ಹೇಳಲಾಗದು, ಇಲ್ಲದಿದ್ದರೆ ಗೊತ್ತಾಗುತ್ತದೆ. ಇಂಗಿನ ಕೆಲಸವೂ ಅದೇ ತಾನೆ. ಗೆಳೆಯ ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಕೂತು, "ಕಂಚಿಕಾಯಿ ಅಲ್ದಾ?" ಅಂದ. ನಾನು ಗಜನಿಂಬೆ ಅಂದೆ. ಅರ್ಧ ಗಂಟೆ ವಾದ ನಡೆಯಿತು, ಅಷ್ಟರಲ್ಲಿ ಬಾಟಲಿ ಖಾಲಿ.

ಮೇ 12

ಒಂಬತ್ತನೇ ಬ್ಯಾಚ್. ಬುನಾದಿ ಮ್ಯಾಗ್ನಮ್ 14 ಗ್ರಾಂ. ಕುದಿ ಮುಗಿಯಲು 10 ನಿಮಿಷ ಇರುವಾಗ ಸೆಂಟೆನಿಯಲ್ 20 ಗ್ರಾಂ, ಇದರಿಂದ ಇನ್ನೊಂದು 8-9 ಐಬಿಯು. ಒಲೆ ಆರಿಸಿ 77 ಡಿಗ್ರಿಗೆ ಇಳಿದ ಮೇಲೆ ಕ್ಯಾಸ್ಕೇಡ್ 40 ಗ್ರಾಂ, 20 ನಿಮಿಷ ಮುಚ್ಚಿಟ್ಟೆ. ಆ ಬಿಸಿಯಲ್ಲಿ ಕಹಿ ನಿಧಾನ, ಘಮ ಉಳಿಯುತ್ತದೆ. ಚಕ್ಕೋತಕ್ಕೆ ಸಿಟ್ರಾದ ಜೊತೆ ಡ್ರೈ ಹಾಪ್‌ನಲ್ಲಿ ಗುದ್ದಾಡಲು ಆಗುವುದಿಲ್ಲವಾದ್ದರಿಂದ ಅದಕ್ಕೆ ಇಲ್ಲೇ ಜಾಗ. ಡ್ರೈ ಹಾಪ್ 3:2:1 ಅಳತೆಯಲ್ಲಿ: ಸೆಂಟೆನಿಯಲ್ 45, ಸಿಟ್ರಾ 30, ಮೊಸಾಯಿಕ್ 15. ಹೈಡ್ರೋಮೀಟರ್ ಮೂರು ದಿನ ಒಂದೇ ಅಂಕಿ ತೋರಿಸುವವರೆಗೆ ಬಾಟಲಿ ಮುಟ್ಟುವುದಿಲ್ಲ.

ಜುಲೈ 2

ಆಗಿದೆ. ಮೂಗಿಗೆ ಮೊದಲು ಗಜನಿಂಬೆ, ನುಂಗಿದ ಮೇಲೆ ಚಕ್ಕೋತದ ಸಿಪ್ಪೆ, ಕೊನೆಗೆ ಎಲ್ಲೋ ದೂರದಲ್ಲಿ ತೊಟ್ಟು ಮುರಿದ ಮಾವು. ನೊರೆ ಸ್ವಲ್ಪ ಬೇಗ ಇಳಿಯುತ್ತದೆ, ಅದು ಮಾಲ್ಟಿನ ಕಡೆಯ ತಕರಾರು, ಇನ್ನೊಮ್ಮೆ ನೋಡೋಣ.

ಮೂರು ವಾರದ ಹಿಂದೆ ಇದ್ದಷ್ಟು ಸೀಬೆ ಈಗಿಲ್ಲ, ಸಿಟ್ರಾ ಸೋರುತ್ತಿದೆ. 17 ಬಾಟಲಿ ಉಳಿದಿವೆ, ಬೇಗ ಕುಡಿದು ಮುಗಿಸಬೇಕು. ಹೊನ್ನಾವರದವನಿಗೆ ಫೋನ್ ಮಾಡಿದೆ. ಶನಿವಾರ ಬರುತ್ತಾನಂತೆ, ವಾದ ಗೆಲ್ಲುವುದಕ್ಕೆ ಎಲ್ಲಿಂದಾದರೂ ಕಂಚಿಕಾಯಿ ಉಪ್ಪಿನಕಾಯಿ ಹುಡುಕಿ ತರುತ್ತಾನಂತೆ.